ಹಜಾರಕ್ಕೆ ತಕ್ಕ ಪರದೆ

ಚಪ್ಪಟೆ ಪರದೆಯ ಟೀವಿಯನ್ನು ಇಂಚಿನ ಲೆಕ್ಕದಲ್ಲಿ ಮಾರುತ್ತಾರೆ. ಪರದೆಯ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಟೇಪು ಹಿಡಿದರೆ ಬರುವ ಅಳತೆ ಅದು. 43 ಇಂಚಿನ ಟೀವಿಯ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 54 ಸೆಂಟಿಮೀಟರ್ ಎತ್ತರ ಇರುತ್ತದೆ. 55 ಇಂಚಿನದು 122 ಸೆಂಟಿಮೀಟರ್ ಅಗಲ, 69 ಸೆಂಟಿಮೀಟರ್ ಎತ್ತರ. ಕೇಳುವುದಕ್ಕೆ ಹನ್ನೆರಡೇ ಇಂಚಿನ ಅಂತರ. ಒಟ್ಟು ಹರವನ್ನು ಲೆಕ್ಕ ಹಾಕಿದರೆ ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟಿಗೂ ಹೆಚ್ಚು. ಶೋರೂಮಿನ ಎತ್ತರದ ಚಾವಣಿಯ ಕೆಳಗೆ, ಅಕ್ಕಪಕ್ಕದಲ್ಲಿ 65, 75 ಇಂಚಿನವು ಮಿನುಗುತ್ತಿರುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆ ಮನೆಗೆ ಬಂದು, ಗೋಡೆ ಕೊರೆದು ತೂಗುಹಾಕಿದ ಮೇಲೆ ಬೀಳುತ್ತದೆ. ಟೀವಿ ಕೊಳ್ಳುವಾಗ ಆಗುವ ಬಹುಪಾಲು ತಪ್ಪುಗಳು ಹುಟ್ಟುವುದು ಇಲ್ಲಿಯೇ: ನಿರ್ಧಾರ ಅಂಗಡಿಯಲ್ಲಿ ಆಗುತ್ತದೆ, ನೋಡುವುದು ಮನೆಯಲ್ಲಿ. ಹಜಾರದ ಅಗಲ ಎಷ್ಟು, ಅಲ್ಲಿ ಕೂರುವವರು ಯಾರು, ಆ ಮನೆಗೆ ಚಿತ್ರ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮೊದಲೇ ನೋಡಿಕೊಂಡು ಹೊರಟರೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆಗಳು ಕಡಿಮೆಯಾಗುತ್ತವೆ, ದುಡ್ಡೂ ಸರಿಯಾದ ಕಡೆ ಹೋಗುತ್ತದೆ.

ಅಗಲದ ಲೆಕ್ಕ ಸುಲಭ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನ ಮನೆ ಇರಲಿ, ಎರಡು ಬೆಡ್‌ರೂಮಿನ ಫ್ಲಾಟ್ ಇರಲಿ, ಹಜಾರದ ಅಗಲ ಹತ್ತು ಅಡಿ ಎಂದು ಇಟ್ಟುಕೊಳ್ಳೋಣ. ಸೋಫಾಕ್ಕೆ ಒರಗಿ ಕೂತವರ ಕಣ್ಣು ಹಿಂದಿನ ಗೋಡೆಯಿಂದ ಎರಡು ಅಡಿ ಮುಂದಿರುತ್ತದೆ. ಟೀವಿ ಎದುರುಗೋಡೆಯಿಂದ ಅರ್ಧ ಅಡಿ ಈಚೆಗೆ ಇರುತ್ತದೆ. ನಡುವೆ ಉಳಿಯುವುದು ಏಳೂವರೆ ಅಡಿ, ಅಂದರೆ 2.3 ಮೀಟರ್. ಸಿನಿಮಾದಲ್ಲಿ ಮುಳುಗಿದಂತೆ ಅನ್ನಿಸಬೇಕಾದರೆ ಪರದೆಯ ಅಗಲ ನೋಡುವವರ ಕಣ್ಣಿಗೆ 30 ಡಿಗ್ರಿಯಷ್ಟು ಕೋನ ತುಂಬಬೇಕು ಎಂಬುದು ಚಲನಚಿತ್ರ ತಂತ್ರಜ್ಞರು ಬಹುಕಾಲದಿಂದ ಬಳಸುತ್ತ ಬಂದ ಅಳತೆ. ಅದಕ್ಕೆ ಪರದೆಯ ಓರೆ ಅಳತೆಯ 1.6 ಪಟ್ಟು ದೂರದಲ್ಲಿ ಕೂರಬೇಕು. 55 ಇಂಚಿಗೆ ಅದು ಏಳೂಕಾಲು ಅಡಿ. ಸುದ್ದಿ, ಧಾರಾವಾಹಿ ನೋಡುತ್ತ, ನಡುನಡುವೆ ಮಾತಾಡುತ್ತ ಕೂರುವವರಿಗೆ ಎರಡರಿಂದ ಎರಡೂವರೆ ಪಟ್ಟು ದೂರ ಹಿತ. ಏಳೂವರೆ ಅಡಿಯಲ್ಲಿ 43 ಇಂಚಿನ ಟೀವಿ ಎರಡು ಪಟ್ಟಿನ ಹತ್ತಿರಕ್ಕೆ ಬರುತ್ತದೆ. ಅಂದರೆ ಹತ್ತು ಅಡಿಯ ಹಜಾರಕ್ಕೆ 43ರಿಂದ 55ರವರೆಗೆ ಯಾವುದೂ ಸಲ್ಲುತ್ತದೆ. 65 ಇಂಚು ಅಲ್ಲಿ ಅತಿಯಾಯಿತು. ಕಾಗದದ ಮೇಲಿನ ಲೆಕ್ಕ ನಂಬಿಕೆ ಹುಟ್ಟಿಸದಿದ್ದರೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಜೋಡಿಸಿ 122ಕ್ಕೆ 69 ಸೆಂಟಿಮೀಟರಿನ ಆಯತ ಕತ್ತರಿಸಿ, ಟೀವಿ ಬರಬೇಕಾದ ಜಾಗದಲ್ಲಿ ಅಂಟಿಸಿ ಎರಡು ದಿನ ಬಿಡಬಹುದು. ಕದ ತೆರೆದಾಗ ತಾಗುತ್ತದೆಯೇ, ಸ್ವಿಚ್‌ಬೋರ್ಡು ಮುಚ್ಚಿಹೋಗುತ್ತದೆಯೇ, ದೇವರ ಫೋಟೋ ಎತ್ತಬೇಕಾಗುತ್ತದೆಯೇ ಎಂಬುದೆಲ್ಲ ಆ ಹಾಳೆ ಹೇಳಿಬಿಡುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬಹಳ ಉದಾಸೀನವಿದೆ. ಲಾಡ್ಜಿನ ಕೋಣೆಯಲ್ಲಿ ಮಾಡುವಂತೆ ಚಾವಣಿಯ ಸಮೀಪ ತೂಗುಹಾಕಿದ ಟೀವಿಯನ್ನು ದಿನಕ್ಕೆ ಮೂರು ಗಂಟೆ ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅದಕ್ಕೆ ಸರಿಯಾಗಿ ಅಥವಾ ಒಂದು ಗೇಣು ಮೇಲಿದ್ದರೆ ಸಾಕು. ನೆಲದಲ್ಲಿ ಚಾಪೆ ಹಾಸಿ ಕೂರುವ ಮನೆಯಾದರೆ ಇನ್ನೂ ಕೆಳಗೆ ಬರಬೇಕು. ಮಲೆನಾಡಿನ ಮಣ್ಣುಗೋಡೆಯ ಹಳೆಯ ಮನೆಗಳಲ್ಲಿ, ಟೊಳ್ಳು ಬ್ಲಾಕಿನ ಹೊಸ ಗೋಡೆಗಳಲ್ಲಿ ದೊಡ್ಡ ಟೀವಿಯನ್ನು ಸಾಮಾನ್ಯ ಸ್ಕ್ರೂ ಹಾಕಿ ತೂಗುವುದು ಅಪಾಯ, ಮೇಜೇ ಲೇಸು. ಮೇಜಿನ ಮೇಲೆ ಇಡುವುದಾದರೆ ಟೀವಿಯ ಎರಡು ಕಾಲುಗಳ ನಡುವಿನ ಅಂತರವನ್ನು ಕೇಳಿಕೊಳ್ಳಬೇಕು. ದೊಡ್ಡ ಟೀವಿಗಳ ಕಾಲುಗಳು ಎರಡು ತುದಿಯಲ್ಲಿರುತ್ತವೆ, ಹಳೆಯ ಸ್ಟ್ಯಾಂಡಿನ ಮೇಲೆ ಅವು ಕೂರುವುದಿಲ್ಲ.

43 ಮತ್ತು 55ರ ನಡುವೆ ಯಾವುದು ಎಂಬುದನ್ನು ತೀರ್ಮಾನಿಸುವುದು ಮನೆಗೆ ಬರುವ ಚಿತ್ರ. ಪರದೆಯ ಮೇಲಿನ ಚಿತ್ರ ಸಣ್ಣಸಣ್ಣ ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ, ಆದದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. 4ಕೆ ಪರದೆಯಲ್ಲಿ 3840ಕ್ಕೆ 2160, ಒಟ್ಟು 83 ಲಕ್ಷ. ಆದರೆ ಕೇಬಲ್ಲಿನವರು ಅಥವಾ ಡಿಶ್‌ನವರು ಕಳಿಸುವ ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ ಇರುವುದು ಹೆಚ್ಚೆಂದರೆ 720ಕ್ಕೆ 576, ಅಂದರೆ ನಾಲ್ಕು ಲಕ್ಷದ ಆಸುಪಾಸು. 4ಕೆ ಟೀವಿಯಲ್ಲಿ ಅದನ್ನು ಹಚ್ಚಿದಾಗ ಪ್ರತಿ ಇಪ್ಪತ್ತು ಚುಕ್ಕೆಗಳಲ್ಲಿ ಹತ್ತೊಂಬತ್ತನ್ನು ಟೀವಿಯೇ ಊಹಿಸಿ ತುಂಬಬೇಕು. 32 ಇಂಚಿನ ಹಳೆಯ ಟೀವಿಯಲ್ಲಿ ನೀಟಾಗಿ ಕಾಣುತ್ತಿದ್ದ ಧಾರಾವಾಹಿ, ಹೊಸ 55 ಇಂಚಿನದರಲ್ಲಿ ನೀರು ಚೆಲ್ಲಿದ ಅಕ್ಷರದಂತೆ ಕದಡಿ ಕಾಣುವುದು ಇದರಿಂದ. ಕೊಂಡ ವಾರದೊಳಗೆ ‘ಟೀವಿ ಸರಿಯಿಲ್ಲ’ ಎಂದು ಅಂಗಡಿಗೆ ಹೋಗುವ ದೂರುಗಳಲ್ಲಿ ಟೀವಿಯ ತಪ್ಪು ಇಲ್ಲದಿರುವುದೂ ಉಂಟು. ಅದಕ್ಕೆ ಸಿಗುತ್ತಿರುವ ಚಿತ್ರವೇ ಬಡವಾಗಿರುತ್ತದೆ. ಕನ್ನಡದ ಪ್ರಮುಖ ಮನರಂಜನಾ ಚಾನೆಲ್ಲುಗಳು ಎಚ್‌ಡಿಯಲ್ಲೂ ಬರುತ್ತವೆ. ದೊಡ್ಡ ಟೀವಿ ಕೊಳ್ಳುವ ಮನೆ ಮೊದಲು ಎಚ್‌ಡಿ ಸೆಟ್ ಟಾಪ್ ಬಾಕ್ಸು, ಆ ಚಾನೆಲ್ಲುಗಳ ಪ್ಯಾಕು ಹಾಕಿಸಿಕೊಳ್ಳಬೇಕು, ಬಾಕ್ಸಿನಿಂದ ಟೀವಿಗೆ ಕೆಂಪು-ಬಿಳಿ-ಹಳದಿ ತಂತಿಯ ಬದಲು ಎಚ್‌ಡಿಎಂಐ ತಂತಿ ಎಳೆಯಬೇಕು. ಎಚ್‌ಡಿ ಬಾಕ್ಸ್ ಇದ್ದೂ ಹಳದಿ ತಂತಿಯಲ್ಲೇ ವರ್ಷಗಟ್ಟಲೆ ನೋಡುತ್ತಿರುವ ಮನೆಗಳು ಎಷ್ಟೋ ಇವೆ. ಇನ್ನೂರು-ಮುನ್ನೂರು ರೂಪಾಯಿಯ ತಂತಿಯಿಂದ ಸಿಗುವ ಲಾಭ ಹತ್ತು ಸಾವಿರ ಹೆಚ್ಚು ಕೊಟ್ಟ ಟೀವಿಯಿಂದಲೂ ಸಿಗದು.

4ಕೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಮನುಷ್ಯನ ಕಣ್ಣಿನಲ್ಲಿದೆ. ಚೆನ್ನಾಗಿ ಕಾಣುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ವಿವರವನ್ನು ಬಿಡಿಸಿ ನೋಡಬಲ್ಲದು. 2.3 ಮೀಟರ್ ದೂರದಲ್ಲಿ ಅದು ಮಿಲಿಮೀಟರಿನ ಮೂರನೇ ಎರಡು ಭಾಗ. 55 ಇಂಚಿನ ಫುಲ್ ಎಚ್‌ಡಿ ಪರದೆಯ ಒಂದೊಂದು ಚುಕ್ಕೆಯೂ ಹತ್ತಿರಹತ್ತಿರ ಅಷ್ಟೇ ಇರುತ್ತದೆ. 4ಕೆ ಚುಕ್ಕೆ ಅದರ ಅರ್ಧ. ಸೋಫಾದಿಂದ ನೋಡುವ ಕಣ್ಣಿಗೆ ಅದನ್ನು ಬಿಡಿಸಿ ಕಾಣುವ ಶಕ್ತಿಯಿಲ್ಲ. ಹಾಗೆಂದು 4ಕೆಯನ್ನು ಬೇಡವೆನ್ನಬೇಕಾಗಿಯೂ ಇಲ್ಲ, 50 ಇಂಚು ದಾಟಿದ ಮೇಲೆ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚುಕಡಿಮೆ ಅದೊಂದೇ. ಬೇಡವೆನ್ನಬೇಕಾದದ್ದು 8ಕೆಯನ್ನು. ಆ ದರ್ಜೆಯಲ್ಲಿ ಚಿತ್ರ ಕಳಿಸುವ ಚಾನೆಲ್ ನಮ್ಮಲ್ಲಿ ಒಂದೂ ಇಲ್ಲ. 4ಕೆ ಸಿನಿಮಾವನ್ನು ಇಂಟರ್‌ನೆಟ್ಟಿನಲ್ಲಿ ನೋಡುವುದಕ್ಕೂ ಸೆಕೆಂಡಿಗೆ 15 ಮೆಗಾಬಿಟ್‌ಗಿಂತ ಕಡಿಮೆಯಾಗದ ವೇಗ ನಿರಂತರವಾಗಿ ಬೇಕು, ಕೆಲವು ಓಟಿಟಿಗಳಲ್ಲಿ ಎಲ್ಲಕ್ಕಿಂತ ದುಬಾರಿಯ ಚಂದಾ ಬೇಕು. ಫೈಬರ್ ಬಾರದ, ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ನೋಡುವ ಊರಿನಲ್ಲಿ ಕೇಬಲ್ಲೇ ಮುಖ್ಯವಾದ್ದರಿಂದ 43 ಇಂಚು ಸಾಕು. ಫೈಬರ್ ಇದ್ದು ಸಂಜೆಯ ಸಮಯವೆಲ್ಲ ಸಿನಿಮಾಕ್ಕೇ ಹೋಗುವ ಮನೆಗೆ 55 ಒಪ್ಪುತ್ತದೆ.

ಚುಕ್ಕೆಗಳ ಎಣಿಕೆಗಿಂತ ಮುಖ್ಯವಾದದ್ದು ಆ ಚುಕ್ಕೆಗಳಿಗೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದು. ‘ಎಲ್ಇಡಿ ಟೀವಿ’ ಎಂದು ಮಾರುವುದೆಲ್ಲ ನಿಜದಲ್ಲಿ ಎಲ್‌ಸಿಡಿ ಟೀವಿಯೇ. ಹಿಂದೆ ಸಣ್ಣ ಟ್ಯೂಬ್‌ಲೈಟು ಬೆಳಕು ಕೊಡುತ್ತಿತ್ತು, ಈಗ ಎಲ್ಇಡಿ ಕೊಡುತ್ತದೆ, ಇಷ್ಟೇ ವ್ಯತ್ಯಾಸ. ಆ ಬೆಳಕಿನ ಮುಂದೆ ದ್ರವಸ್ಫಟಿಕದ ಪದರ ಇರುತ್ತದೆ. ದ್ರವದಂತೆ ಹರಿದರೂ ಹರಳಿನಂತೆ ಅಣುಗಳು ಸಾಲಾಗಿ ನಿಲ್ಲುವ ಈ ವಿಚಿತ್ರ ವಸ್ತುವನ್ನು 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರೀಡ್ರಿಶ್ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಮೊದಲು ಗುರುತಿಸಿದ. ವಿದ್ಯುತ್ತು ಹರಿಸಿದಾಗ ಅಣುಗಳು ತಿರುಗುತ್ತವೆ, ಕಿಟಕಿಯ ಅಡ್ಡಪಟ್ಟಿಗಳನ್ನು ತಿರುಗಿಸಿದಂತೆ ಬೆಳಕು ಹೆಚ್ಚು ಕಡಿಮೆ ಆಗುತ್ತದೆ. ಈ ವಿಜ್ಞಾನದಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷ ಭೌತವಿಜ್ಞಾನ ವಿಭಾಗ ನಡೆಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಶಿವರಾಮಕೃಷ್ಣ ಚಂದ್ರಶೇಖರ್ ಅವರು 1977ರಲ್ಲಿ ತಮ್ಮ ಸಂಗಡಿಗರೊಂದಿಗೆ, ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ಬಿಲ್ಲೆಯಂಥ ಚಪ್ಪಟೆ ಅಣುಗಳೂ ದ್ರವಸ್ಫಟಿಕ ಆಗಬಲ್ಲವು ಎಂದು ತೋರಿಸಿದರು. ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ ಆ ಶೋಧ ಪ್ರಕಟವಾಯಿತು. ಮುಂದೆ ಜಪಾನಿನಲ್ಲಿ ಅಂಥ ಬಿಲ್ಲೆ ಅಣುಗಳ ತೆಳು ಹಾಳೆ ಮಾಡಿ ಎಲ್‌ಸಿಡಿ ಪರದೆಗೆ ಅಂಟಿಸಿದರು. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿದ್ದ ಪರದೆಗಳು ಅದರಿಂದ ಸುಧಾರಿಸಿದವು.

ಪಕ್ಕದ ನೋಟ ನಮ್ಮ ಮನೆಗಳಲ್ಲಿ ಸಣ್ಣ ವಿಷಯವಲ್ಲ. ಸೋಫಾದ ನಡುವೆ ಒಬ್ಬರೇ ಕೂತು ಟೀವಿ ನೋಡುವ ಮನೆ ಅಪರೂಪ. ಅಜ್ಜಿ ಪಕ್ಕದ ದಿವಾನದ ಮೇಲೆ, ಮಕ್ಕಳು ನೆಲದಲ್ಲಿ, ಒಲೆಯ ಮೇಲೆ ಸಾರು ಕುದಿಯಲಿಟ್ಟವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಾರೆ. ಎಲ್‌ಸಿಡಿ ಪರದೆಗಳಲ್ಲಿ ಈಗ ಎರಡು ಜಾತಿ ಚಾಲ್ತಿಯಲ್ಲಿವೆ. ಐಪಿಎಸ್ ಎಂಬುದು ಯಾವ ಕಡೆಯಿಂದ ನೋಡಿದರೂ ಬಣ್ಣ ಉಳಿಸಿಕೊಳ್ಳುತ್ತದೆ, ಆದರೆ ಅದರ ಕಪ್ಪು ಬೂದಿಯಂತೆ ಕಾಣುತ್ತದೆ. ಅತಿ ಬಿಳಿಗೂ ಅತಿ ಕಪ್ಪಿಗೂ ನಡುವಿನ ಅನುಪಾತ ಸುಮಾರು 1000ಕ್ಕೆ 1. ವಿಎ ಎಂಬುದರಲ್ಲಿ ಆ ಅನುಪಾತ ಅದರ ಮೂರು-ನಾಲ್ಕು ಪಟ್ಟು, ರಾತ್ರಿಯ ದೃಶ್ಯಗಳು ಚೆನ್ನ. ಪಕ್ಕಕ್ಕೆ ಸರಿದರೆ ಮಾತ್ರ ಬಣ್ಣ ತೊಳೆದಂತೆ ಆಗುತ್ತದೆ. ತುಂಬಿದ ಮನೆಯ ಉದ್ದನೆಯ ಹಜಾರಕ್ಕೆ ಐಪಿಎಸ್, ಟೀವಿಗೆ ನೇರ ಎದುರಾಗಿ ಸೋಫಾ ಇರುವ ನಾಲ್ಕು ಜನರ ಕೋಣೆಗೆ ವಿಎ ಎಂದು ಸ್ಥೂಲವಾಗಿ ಹೇಳಬಹುದು. ಡಬ್ಬಿಯ ಮೇಲೆ ಈ ಹೆಸರು ಬಹಳ ಸಲ ಇರುವುದಿಲ್ಲ, ಅಂಗಡಿಯ ಹುಡುಗನಿಗೂ ಗೊತ್ತಿರುವುದಿಲ್ಲ. ಟೀವಿಯ ಮುಂದಿನಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದು ಪರದೆಯಲ್ಲಿರುವ ಮುಖವೊಂದನ್ನು ನೋಡಿದರೆ ಯಾವ ಜಾತಿಯದು ಎಂದು ತಿಳಿಯುತ್ತದೆ.

ಹಿಂಬದಿಯ ಬೆಳಕನ್ನು ಹೇಗೆ ಹಂಚಿದ್ದಾರೆ ಎಂಬುದರ ಮೇಲೆ ಬೆಲೆ ಏರುತ್ತ ಹೋಗುತ್ತದೆ. ಅಗ್ಗದ ಟೀವಿಯಲ್ಲಿ ಪೂರ್ತಿ ಪರದೆಗೆ ಒಂದೇ ಬೆಳಕು. ಒಂದು ಮೂಲೆಯಲ್ಲಿ ದೀಪ ಉರಿದರೂ ಉಳಿದ ಕತ್ತಲೆಯೂ ಬೆಳಗುತ್ತದೆ. ಬೆಲೆ ಹೆಚ್ಚಿದಂತೆ ಬೆಳಕನ್ನು ಹತ್ತಾರು, ಮಿನಿ ಎಲ್ಇಡಿಯಲ್ಲಾದರೆ ನೂರಾರು ಭಾಗ ಮಾಡಿ, ಬೇಕಾದಲ್ಲಿ ಆರಿಸಿ, ಬೇಕಾದಲ್ಲಿ ಹೊತ್ತಿಸುತ್ತಾರೆ. ಚಿತ್ರದ ಗುಣದಲ್ಲಿ ನಿಜವಾದ ಏಣಿ ಇದು, ಹೆಚ್ಚಿನ ಹಣ ಕೊಡುವುದಿದ್ದರೆ ಇದಕ್ಕೆ ಕೊಡಬೇಕು. ‘ಕ್ಯೂಎಲ್ಇಡಿ’ ಎಂಬ ಹೆಸರು ಹೇಳುವುದು ಬೇರೆಯದನ್ನು: ನೀಲಿ ಬೆಳಕನ್ನು ಶುದ್ಧ ಕೆಂಪು, ಹಸಿರಾಗಿ ಮಾರ್ಪಡಿಸುವ ಅತಿ ಸೂಕ್ಷ್ಮ ಕಣಗಳ ಪದರವನ್ನು. ಆ ಕ್ವಾಂಟಮ್ ಚುಕ್ಕೆಗಳ ಶೋಧಕ್ಕೆ 2023ರ ರಸಾಯನವಿಜ್ಞಾನದ ನೊಬೆಲ್ ಬಂದಿದೆ. ಬಣ್ಣ ಅದರಿಂದ ಖಂಡಿತ ತಿಳಿಯಾಗುತ್ತದೆ. ಕಪ್ಪು ಕಪ್ಪಾಗುವುದು ಅದರಿಂದಲ್ಲ.

ಒಎಲ್ಇಡಿಯಲ್ಲಿ ಹಿಂಬದಿಯ ಬೆಳಕೇ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಕತ್ತಲೆಯ ಕೋಣೆಯಲ್ಲಿ ಅದರಷ್ಟು ಚೆಂದದ ಚಿತ್ರ ಇನ್ನೊಂದರಲ್ಲಿಲ್ಲ. ಅದಕ್ಕಿರುವ ದೋಷ ನಮ್ಮ ಮನೆಗಳಲ್ಲಿ ಬಲವಾಗಿಯೇ ಕಾಡುವಂಥದ್ದು. ಒಂದೇ ಆಕಾರ ಒಂದೇ ಜಾಗದಲ್ಲಿ ದೀರ್ಘಕಾಲ ಉರಿದರೆ ಆ ಚುಕ್ಕೆಗಳು ಬೇಗ ಸವೆದು ಪರದೆಯ ಮೇಲೆ ಅಳಿಸಲಾಗದ ನೆರಳು ಉಳಿಯುತ್ತದೆ. ಕನ್ನಡದ ಸುದ್ದಿ ಚಾನೆಲ್ಲೊಂದನ್ನು ನೆನೆಸಿಕೊಂಡರೆ ಸಾಕು: ಮೇಲೆ ಮೂಲೆಯಲ್ಲಿ ಲಾಂಛನ, ಕೆಳಗೆ ಗಾಢ ಕೆಂಪಿನ ಪಟ್ಟಿ, ಅದರಡಿಯಲ್ಲಿ ಓಡುವ ಸಾಲು, ಪಕ್ಕದಲ್ಲಿ ಜಾಹೀರಾತಿನ ಚೌಕ. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ಹಚ್ಚಿಯೇ ಇರುವ ಮನೆಗೆ, ಚುಕ್ಕೆಗಳನ್ನು ಆಗಾಗ ಸರಿಸುವ ಉಪಾಯಗಳು ಎಷ್ಟೇ ಇರಲಿ, ಒಎಲ್ಇಡಿ ತಕ್ಕದ್ದಲ್ಲ. ರಾತ್ರಿ ಊಟದ ನಂತರ ಸಿನಿಮಾ ನೋಡಿ ಆರಿಸುವವರಿಗೆ ಅದು ಸಾರ್ಥಕ.

ಎಚ್‌ಡಿಆರ್ ಎಂಬ ಮೂರಕ್ಷರ ಈಗ ಎಲ್ಲ ಡಬ್ಬಿಗಳ ಮೇಲೂ ಇದೆ. ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ ಕ್ರಮ ಅದು. ತೋರಿಸುವುದಕ್ಕೆ ಟೀವಿಗೆ ಅಷ್ಟು ಪ್ರಖರತೆ ಬೇಕು. ಪ್ರಖರತೆಯ ಅಳತೆ ನಿಟ್. ಅಗ್ಗದ ಟೀವಿಗಳು 250-300 ನಿಟ್‌ನಲ್ಲಿ ನಿಲ್ಲುತ್ತವೆ, ಎಚ್‌ಡಿಆರ್ ಚಿತ್ರಕ್ಕೆ ಅದರ ಎರಡು ಮೂರು ಪಟ್ಟು ಬೇಕು. ಹಾಗಾಗಿ ಅಗ್ಗದ ಡಬ್ಬಿಯ ಮೇಲಿನ ಎಚ್‌ಡಿಆರ್ ಎಂದರೆ ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ ಅರ್ಥ, ಅದಕ್ಕಾಗಿ ಹೆಚ್ಚು ಕೊಡಬೇಕಾಗಿಲ್ಲ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಹರ್ಟ್ಸ್ ಲೆಕ್ಕವೂ ಹೀಗೆಯೇ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದ್ದು. ನಮ್ಮ ಚಾನೆಲ್ಲುಗಳ ಕ್ರಿಕೆಟ್ಟಿಗೆ 60 ಹರ್ಟ್ಸ್ ಪರದೆ ಸಾಲುತ್ತದೆ. 120 ಹರ್ಟ್ಸ್ ಬೇಕಾದದ್ದು ವಿಡಿಯೋ ಗೇಮ್ ಆಡುವ ಮಕ್ಕಳಿರುವ ಮನೆಗೆ. ಇಲ್ಲದ ಚಿತ್ರಗಳನ್ನು ನಡುವೆ ತುರುಕಿ ಚಲನೆಯನ್ನು ನಯ ಮಾಡುವ ಸೌಲಭ್ಯವನ್ನು ಕಂಪನಿಗಳು ಬೇರೆಬೇರೆ ಹೆಸರಿನಲ್ಲಿ ಕೊಡುತ್ತವೆ. ಅದು ಹಚ್ಚಿದ್ದರೆ ಸಿನಿಮಾವೂ ಮದುವೆಯ ವಿಡಿಯೋದಂತೆ ಕಾಣುತ್ತದೆ. ಮನೆಗೆ ತಂದ ದಿನವೇ ಅದನ್ನು ಆರಿಸುವುದು ಒಳ್ಳೆಯದು.

ಅಂಗಡಿಯಲ್ಲಿ ಟೀವಿಗಳು ತೋರಿಸುವುದು ಹವಳದ ಮೀನು, ಬಿರಿಯುವ ಹೂವು, ಜೇನು ಸುರಿಯುವ ದೃಶ್ಯಗಳನ್ನು. ಕಂಪನಿಗಳೇ ಅತ್ಯುತ್ತಮವಾಗಿ ತೆಗೆಸಿ, ಟೀವಿಯನ್ನು ಅತಿ ಪ್ರಖರ ಮೋಡಿನಲ್ಲಿಟ್ಟು ಓಡಿಸುವ ಚಿತ್ರಗಳು ಅವು. ಅವುಗಳಲ್ಲಿ ಕೆಟ್ಟದಾಗಿ ಕಾಣುವ ಟೀವಿಯೇ ಇಲ್ಲ. ಪರೀಕ್ಷೆಗೆ ಬೇಕಾದದ್ದು ನಿತ್ಯ ನೋಡುವ ಚಿತ್ರ. ಒಂದು ಪೆನ್‌ಡ್ರೈವಿನಲ್ಲಿ ಪರಿಚಿತ ಕನ್ನಡ ಸಿನಿಮಾದ ರಾತ್ರಿ ದೃಶ್ಯವೊಂದನ್ನು, ಮನೆಯವರ ಮುಖ ಇರುವ ಫೋನಿನ ವಿಡಿಯೋವೊಂದನ್ನು ಒಯ್ದು, ಚಿತ್ರದ ಮೋಡನ್ನು ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ ಮಾಡಿಸಿ ನೋಡಬೇಕು. ಗೊತ್ತಿರುವ ಮುಖದ ಬಣ್ಣ ಸರಿಯಾಗಿ ಬಂದರೆ ಉಳಿದ ಬಣ್ಣಗಳೂ ಸರಿಯಿರುತ್ತವೆ. ಸಿನಿಮಾದ ಮೇಲೆ ಕೆಳಗೆ ಇರುವ ಕಪ್ಪು ಪಟ್ಟಿ ಬೂದು ಬಣ್ಣಕ್ಕೆ ತಿರುಗಿದೆಯೇ, ಕಪ್ಪಿನ ಮೇಲೆ ಬಿಳಿ ಹೆಸರುಗಳು ಓಡುವಾಗ ಸುತ್ತ ಮಂಜು ಕವಿಯುತ್ತದೆಯೇ, ಟ್ಯೂಬ್‌ಲೈಟು ಪರದೆಯಲ್ಲಿ ಕನ್ನಡಿಯಂತೆ ಕಾಣುತ್ತದೆಯೇ ಎಂದು ಗಮನಿಸಬೇಕು. ಟೀವಿಯ ಎದುರಿಗೇ ಕಿಟಕಿ ಇರುವ ಮನೆಗೆ ಹೊಳಪಿನ ಪರದೆ ದೊಡ್ಡ ಕಿರಿಕಿರಿ. ಸಾಧ್ಯವಾದರೆ ಅಂಗಡಿಯ ಸೆಟ್ ಟಾಪ್ ಬಾಕ್ಸಿನಲ್ಲಿ ಸಾಧಾರಣ ಚಾನೆಲ್ಲೊಂದನ್ನು ಹಾಕಿಸುವುದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಬಡ ಚಿತ್ರವನ್ನು ಹಿಗ್ಗಿಸಿ ಚೆನ್ನಾಗಿ ತೋರಿಸುವ ಕೌಶಲ ಟೀವಿಯಿಂದ ಟೀವಿಗೆ ಬಹಳ ಬೇರೆ, ಹೆಸರಾಂತ ಕಂಪನಿಗಳಿಗೂ ಅಗ್ಗದವಕ್ಕೂ ಇರುವ ನಿಜವಾದ ಅಂತರ ಹೆಚ್ಚಾಗಿ ಅಲ್ಲಿ ಕಾಣುತ್ತದೆ.

ಚಪ್ಪಟೆ ಟೀವಿಯ ದೊಡ್ಡ ಕೊರತೆ ಧ್ವನಿ. ಡಬ್ಬದ ಹಳೆಯ ಟೀವಿಯಲ್ಲಿ ಸ್ಪೀಕರಿಗೆ ಜಾಗವಿತ್ತು, ಅದು ಎದುರಿಗೆ ನುಡಿಯುತ್ತಿತ್ತು. ಈಗಿನ ತೆಳು ಟೀವಿಯಲ್ಲಿ ಅದು ಕೆಳಗೆ ನೆಲಕ್ಕೋ ಹಿಂದೆ ಗೋಡೆಗೋ ಮುಖ ಮಾಡಿರುತ್ತದೆ. ಗ್ರಾನೈಟ್ ನೆಲ, ಬರಿಗೋಡೆಯ ಹಜಾರದಲ್ಲಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಕಿವಿ ಮಂದವಾದ ಹಿರಿಯರಿಗೆ ಹಾಡು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಅವರು ಧ್ವನಿ ಏರಿಸುತ್ತಾರೆ, ಓದುವ ಮಕ್ಕಳು ಇಳಿಸಿ ಎನ್ನುತ್ತಾರೆ. ಟೀವಿಗೆಂದು ಇಟ್ಟ ಮೊತ್ತದಲ್ಲಿ ಐದಾರು ಸಾವಿರವನ್ನು ತೆಗೆದಿಟ್ಟು ಸಾಧಾರಣ ಸೌಂಡ್‌ಬಾರ್ ಒಂದನ್ನು ತರುವುದು, ಚಿತ್ರದಲ್ಲಿ ಒಂದು ಮೆಟ್ಟಿಲು ಇಳಿಯಬೇಕಾಗಿ ಬಂದರೂ, ಸರಿಯಾದ ಖರ್ಚು. ಅದಕ್ಕೆ ಟೀವಿಯಲ್ಲಿ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಕಿಂಡಿ ಇರಬೇಕು. ಬಾಕ್ಸಿಗೊಂದು, ಸೌಂಡ್‌ಬಾರಿಗೊಂದು, ಮುಂದೆ ಬರಬಹುದಾದ್ದಕ್ಕೊಂದು ಎಂದು ಒಟ್ಟು ಮೂರು ಕಿಂಡಿಗಳಿದ್ದರೆ ಒಳಿತು.

ಸ್ಮಾರ್ಟ್ ಎಂಬ ಗುಣ ಎಲ್ಲಕ್ಕಿಂತ ಬೇಗ ಮುಪ್ಪಾಗುತ್ತದೆ. ಪರದೆ ಎಂಟು-ಹತ್ತು ವರ್ಷ ಬಾಳಬಹುದು. ಒಳಗಿನ ಪುಟ್ಟ ಕಂಪ್ಯೂಟರ್ ನಾಲ್ಕೈದು ವರ್ಷದಲ್ಲಿ ತಡವರಿಸುತ್ತದೆ, ಹೊಸ ಆ್ಯಪ್‌ಗಳು ಅದರಲ್ಲಿ ಕೂರುವುದಿಲ್ಲ. ಒಂದು ಜಿಬಿ ರ‍್ಯಾಮಿನ ಟೀವಿ ಕೊಂಡ ಮೊದಲ ವರ್ಷವೇ ನಿಧಾನ. ಎರಡು ಜಿಬಿ ಕನಿಷ್ಠ. ಮುಪ್ಪಾದಾಗ ಟೀವಿ ಬದಲಿಸಬೇಕಾಗಿಲ್ಲ, ಮೂರು-ನಾಲ್ಕು ಸಾವಿರದ ಸ್ಟಿಕ್ ಒಂದನ್ನು ಹಿಂದೆ ಸಿಕ್ಕಿಸಿದರೆ ಅದು ಮತ್ತೆ ಹೊಸದು. ಆದ್ದರಿಂದ ಪರದೆ ಚೆನ್ನಾಗಿದ್ದು ಸ್ಮಾರ್ಟ್ ಸಾಧಾರಣವಾಗಿರುವ ಟೀವಿ, ಸ್ಮಾರ್ಟ್ ಅದ್ಭುತವಾಗಿದ್ದು ಪರದೆ ಸಾಧಾರಣವಾಗಿರುವ ಟೀವಿಗಿಂತ ಯಾವತ್ತೂ ಮೇಲು. ಇನ್ನೊಂದು ಸಂಗತಿಯನ್ನು ಮನೆಯವರು ತಿಳಿದಿರಬೇಕು. ಸ್ಮಾರ್ಟ್ ಟೀವಿಗಳಲ್ಲಿ ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ಕಂಪನಿಗೆ ತಿಳಿಸುವ ವ್ಯವಸ್ಥೆ ಇರುತ್ತದೆ. ವೀಕ್ಷಕರ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ ಅಮೆರಿಕದ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹೊಸ ಟೀವಿ ಹಚ್ಚುವಾಗ ಒಂದರ ಮೇಲೊಂದು ಬರುವ ‘ಒಪ್ಪಿದೆ’ ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತದೆ, ಜಾಹೀರಾತು ಮತ್ತು ವೀಕ್ಷಣೆಯ ಮಾಹಿತಿಗೆ ಸಂಬಂಧಿಸಿದ್ದನ್ನು ಬೇಡವೆನ್ನಬಹುದು. ಟೀವಿ ಆಗಲೂ ನಡೆಯುತ್ತದೆ.

ಕೇಬಲ್ ಬಾಡಿಗೆ ಭಾರವೆನಿಸುವ ಮನೆಗಳಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ, ಡಿಡಿ ಚಂದನ ಅದರಲ್ಲಿ ಬರುತ್ತದೆ. ಕೆಲವು ಹೊಸ ಟೀವಿಗಳ ಒಳಗೇ ಉಪಗ್ರಹದ ಟ್ಯೂನರ್ ಇರುತ್ತದೆ. ಅಂಥದ್ದಾದರೆ ಛಾವಣಿಯ ತಟ್ಟೆಯಿಂದ ಬಂದ ತಂತಿಯನ್ನು ನೇರವಾಗಿ ಟೀವಿಗೆ ಕೊಟ್ಟು ಉಚಿತ ಚಾನೆಲ್ಲುಗಳನ್ನು ನೋಡಬಹುದು.

ವಿದ್ಯುತ್ತಿನ ಖರ್ಚು ಹೆದರುವಷ್ಟಿಲ್ಲ, ಮರೆಯುವಷ್ಟೂ ಕಡಿಮೆಯಿಲ್ಲ. 45 ವಾಟಿನ 32 ಇಂಚಿನ ಜಾಗಕ್ಕೆ 110 ವಾಟಿನ 55 ಇಂಚು ಬಂದು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಹತ್ತು ಯುನಿಟ್ ಹೆಚ್ಚುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಬಿಲ್ಲಿನಲ್ಲಿ ಕಾಣುವ ಅಂತರ. ನಕ್ಷತ್ರದ ಚೀಟಿಯ ಮೇಲೆ ವರ್ಷಕ್ಕೆ ಎಷ್ಟು ಯುನಿಟ್ ಎಂದು ಬರೆದಿರುತ್ತದೆ, ನಕ್ಷತ್ರಗಳಿಗಿಂತ ಆ ಅಂಕಿಯನ್ನು ಹೋಲಿಸುವುದು ಹೆಚ್ಚು ಉಪಯುಕ್ತ. ಹಿಂಬದಿಯ ಬೆಳಕನ್ನು ನೂರರಿಂದ ಅರವತ್ತು-ಎಪ್ಪತ್ತಕ್ಕೆ ಇಳಿಸಿದರೆ ವಿದ್ಯುತ್ತೂ ಉಳಿಯುತ್ತದೆ, ಎಲ್ಇಡಿಗಳೂ ಹೆಚ್ಚು ಕಾಲ ಬಾಳುತ್ತವೆ. ಟೀವಿಗೆ ನಿಜವಾದ ಶತ್ರು ಸಿಡಿಲು. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಮಲೆನಾಡು-ಕರಾವಳಿಯಲ್ಲಿ ಒಂದೊಂದು ಸಂಜೆಯ ಗುಡುಗಿಗೆ ಎಷ್ಟೋ ಮನೆಗಳ ಟೀವಿ ಸುಡುತ್ತದೆ. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಬೇಕು, ಜೊತೆಗೆ ಡಿಶ್ಶಿನ ತಂತಿಯನ್ನೂ ಬಿಚ್ಚಬೇಕು, ಸಿಡಿಲಿನ ಹೊಡೆತ ಅದರ ಮೂಲಕವೂ ಒಳಬರುತ್ತದೆ. ಒಳ್ಳೆಯ ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಮನೆಯ ಅರ್ಥಿಂಗ್ ಸರಿಯಿದ್ದರೆ ಮಾತ್ರ.

ಬೆಲೆಯ ವಿಷಯದಲ್ಲಿ ಒಂದು ಹಳೆಯ ಲೆಕ್ಕ ಬದಲಾಗಿದೆ. 2019ರ ಆರಂಭದಿಂದ 32 ಇಂಚಿನವರೆಗಿನ ಟೀವಿಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಶೇ 28 ಇತ್ತು. ದೊಡ್ಡದು ಕೊಳ್ಳುವವರು ತೆರಿಗೆಯನ್ನೂ ಹೆಚ್ಚು ಕೊಡಬೇಕಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡವಕ್ಕೂ ಶೇ 18 ಆಯಿತು. ಮೂಲ ಬೆಲೆ 30,000 ಇದ್ದ ಟೀವಿಗೆ ತೆರಿಗೆ ಸೇರಿ 38,400 ಆಗುತ್ತಿದ್ದದ್ದು 35,400 ಆಗುತ್ತದೆ. ಹಬ್ಬದ ರಿಯಾಯಿತಿಗಳನ್ನು ಹೋಲಿಸುವಾಗ ಮಾದರಿಯ ಪೂರ್ಣ ಸಂಖ್ಯೆಯನ್ನು ಅಕ್ಷರ ಬಿಡದೆ ನೋಡಬೇಕು. ಆನ್‌ಲೈನಿಗೆಂದು, ಅಂಗಡಿಗೆಂದು ಬೇರೆಬೇರೆ ಮಾದರಿಗಳನ್ನು ಕಂಪನಿಗಳು ತರುತ್ತವೆ. ಕೊನೆಯ ಎರಡು ಅಕ್ಷರ ಬೇರೆಯಾದರೆ ಒಳಗಿನ ಪರದೆಯೂ ಬೇರೆ ಇರಬಹುದು.

ಟೀವಿಯ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಪ್ಯಾನೆಲಿನದು. ಅದು ಒಡೆದರೆ ರಿಪೇರಿಗಿಂತ ಹೊಸ ಟೀವಿಯೇ ವಾಸಿ ಅನ್ನಿಸುವಷ್ಟು ಖರ್ಚು, ಚೆಂಡು ಬಡಿದು ಒಡೆದದ್ದಕ್ಕೆ ವಾರಂಟಿ ಸಲ್ಲುವುದಿಲ್ಲ. ಹಾಗಾಗಿ ಡಬ್ಬಿ ಬಿಚ್ಚುವುದು ತಂದವರ ಎದುರಿಗೇ ಆಗಬೇಕು, ಹಚ್ಚಿ ನೋಡಿದ ಮೇಲೆ ಸಹಿ ಹಾಕಬೇಕು. ತಾಲ್ಲೂಕು ಊರಿನಲ್ಲಿ ಕೊಳ್ಳುವವರು ಆ ಕಂಪನಿಯ ಸರ್ವೀಸ್ ಸೆಂಟರ್ ಎಷ್ಟು ದೂರದಲ್ಲಿದೆ ಎಂದು ವಿಚಾರಿಸಬೇಕು. ಇನ್ನೂರು ಮೈಲಿ ದೂರದ ಸೇವೆಗಿಂತ ಪಕ್ಕದ ಊರಿನಲ್ಲಿ ಸೇವೆ ಇರುವ, ಸ್ವಲ್ಪ ಸಾಧಾರಣ ಟೀವಿ ಒಳ್ಳೆಯದು. ಕೆಟ್ಟಿತು ಎಂದು ಕೈಬಿಡುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಧ್ವನಿ ಬರುತ್ತಿದ್ದು ಪರದೆ ಕಪ್ಪಾಗಿದ್ದರೆ ಕತ್ತಲೆಯಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಬೇಕು. ಮಸುಕಾಗಿ ಚಿತ್ರ ಚಲಿಸುವುದು ಕಂಡರೆ ಪ್ಯಾನೆಲ್ ಸರಿಯಿದೆ, ಹೋಗಿರುವುದು ಬ್ಯಾಕ್‌ಲೈಟು. ಎಲ್ಇಡಿ ಪಟ್ಟಿಗಳನ್ನು ಬದಲಿಸುವುದು ಊರಿನ ಟೀವಿ ಮೆಕ್ಯಾನಿಕ್ ಮಾಡಬಲ್ಲ ಕೆಲಸ, ಪ್ಯಾನೆಲಿನ ಬೆಲೆಯ ಸಣ್ಣ ಭಾಗದಲ್ಲಿ ಮುಗಿಯುತ್ತದೆ.

ಹೊಸದು ಬಂದ ಮೇಲೆ ಹಳೆಯದರ ಪಾಡನ್ನೂ ಯೋಚಿಸಬೇಕು. ಅಟ್ಟದ ಮೇಲಿರುವ ಡಬ್ಬದ ಟೀವಿಯ ಚಿತ್ರನಳಿಕೆಯ ಗಾಜಿನಲ್ಲಿ ಸೀಸವಿದೆ. ಟ್ಯೂಬ್‌ಲೈಟಿನ ಮೊದಲ ತಲೆಮಾರಿನ ಎಲ್‌ಸಿಡಿಯಲ್ಲಿ ಪಾದರಸವಿದೆ. ಗುಜರಿಯವರು ಡಬ್ಬದ ಟೀವಿಯನ್ನು ಕೊಳ್ಳುವುದು ಒಳಗಿನ ತಾಮ್ರದ ಸುರುಳಿಗಾಗಿ. ಬರಿಗೈಯಲ್ಲಿ ಗಾಜು ಒಡೆದು, ತಂತಿಯ ಹೊದಿಕೆ ಸುಟ್ಟು ತಾಮ್ರ ತೆಗೆಯುವ ಆ ಕೆಲಸದಲ್ಲಿ ಮಕ್ಕಳೂ ಇರುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಟೀವಿಗಳ ಸರಿಯಾದ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಹೊಸ ಟೀವಿಯ ಬಿಲ್ಲು ಮಾಡಿಸುವಾಗಲೇ ಹಳೆಯದನ್ನು ಒಯ್ಯುವವರು ಯಾರು, ಎಲ್ಲಿಗೆ ಒಯ್ಯುತ್ತಾರೆ ಎಂದು ಕೇಳಿ. ಅಂಗಡಿಯವರು ತೆಗೆದುಕೊಳ್ಳದಿದ್ದರೆ ಮಾನ್ಯತೆ ಪಡೆದ ಇ-ತ್ಯಾಜ್ಯ ಮರುಬಳಕೆ ಘಟಕಕ್ಕೆ ಕೊಡಿ, ಗುಜರಿಯ ಗಾಡಿಗೆ ಹಾಕಬೇಡಿ.